ಗೌಡಿಕೆಯ ವ್ಯಾಜ್ಯವೂ ‘ವಂಶ’ವೆಂಬ ಪದವೂ

ಊರಿನ ಗೌಡಿಕೆಯು ಯಾರಿಗೆ ಸಲ್ಲತಕ್ಕದ್ದು ಎಂಬ ಜಗಳ ನಮ್ಮ ನಾಡಿನ ಹಳ್ಳಿಗಳಿಗೆ ಹೊಸದಲ್ಲ. ಅಣ್ಣತಮ್ಮಂದಿರ ನಡುವೆ, ಹಿರಿಯ ಮನೆ ಕಿರಿಯ ಮನೆಗಳ ನಡುವೆ, ಔರಸನಿಗೂ ದತ್ತಕನಿಗೂ ನಡುವೆ ಈ ವ್ಯಾಜ್ಯ ಹುಟ್ಟಿ, ಕಚೇರಿಯ ಮೆಟ್ಟಲು ಹತ್ತಿ, ತಲೆಮಾರುಗಳವರೆಗೆ ಮುಗಿಯದೆ ಉಳಿದುದುಂಟು. ಆದರೆ ಅಂತಹ ವ್ಯಾಜ್ಯಗಳಲ್ಲಿ ಒಂದು ಮಾತನ್ನು ಮಾತ್ರ ಉಭಯ ಪಕ್ಷಗಳೂ ಒಪ್ಪಿಕೊಂಡೇ ಕಾದುತ್ತಿದ್ದವು: ಗೌಡಿಕೆಯು ಗೌಡರ ಮನೆಯದು. ಯಾವ ಮಗನಿಗೆ ಎಂಬುದಷ್ಟೇ ವಿವಾದ. ಯಾವ ಮನೆಗೆ ಎಂಬುದು ವಿವಾದವೇ ಅಲ್ಲ. ಈ ಮೂಲದ ನಂಬಿಕೆಯನ್ನೇ ಪ್ರಶ್ನಿಸಿ ಪ್ರಜೆಯೊಬ್ಬನು ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತನು. ಆ ನ್ಯಾಯಾಲಯವು 1960ನೆಯ ಇಸವಿ ಡಿಸೆಂಬರ್ 6ರಂದು ಅವನ ಪ್ರಶ್ನೆಗೆ ಉತ್ತರ ಹೇಳಿತು. ವ್ಯಾಜ್ಯ ನಡೆದುದು ನೆರೆಯ ಆಂಧ್ರದ ಗುಂಟೂರು ಜಿಲ್ಲೆಯ ಒಂದು ಸಣ್ಣ ಊರಿನ ಮುಖಂಡನ ನೇಮಕಾತಿಯ ವಿಷಯದಲ್ಲಿ. ಅದು ತಿರುಗಿದುದು ಸಂವಿಧಾನದ ಒಂದೇ ಒಂದು ಪದದ ಮೇಲೆ. ಆದ್ದರಿಂದ ನ್ಯಾಯಶಾಸ್ತ್ರವನ್ನು ಓದುವವರಿಗೆ ಮಾತ್ರವಲ್ಲದೆ ಶಬ್ದಾರ್ಥವಿಚಾರದಲ್ಲಿ ಆಸ್ಥೆಯುಳ್ಳ ವಿದ್ಯಾರ್ಥಿಗಳಿಗೂ ಇದು ತಿಳಿದಿರತಕ್ಕ ಸಂಗತಿ.

ಮೊದಲು ಹೆಸರುಗಳನ್ನು ನೋಡಬಹುದು. ನಮ್ಮ ಶಾಸನಗಳಲ್ಲಿ ಊರಿನ ಮುಖ್ಯಸ್ಥನನ್ನು ಗಾಮುಂಡ, ಗಾವುಂಡ ಎಂದು ಕರೆದಿದೆ. ಅದೇ ಪದ ಸವೆಯುತ್ತ ಬಂದು ಗೌಂಡ, ಗೌಡ ಎಂದು ನಿಂತಿತು. ಲೆಕ್ಕ ಬರೆಯುವ ಸೇನಬೋವನು ಶಾನಭೋಗನಾದನು. ಮರಾಠರ ಆಳಿಕೆ ನಡೆದ ಉತ್ತರದ ಸೀಮೆಯಲ್ಲಿ ಗೌಡನಿಗೆ ಪಾಟೀಲನೆಂದೂ ಶಾನಭೋಗನಿಗೆ ಕುಲಕರ್ಣಿಯೆಂದೂ ಹೆಸರು ಬಂದವು. ಹೈದರಾಬಾದಿನ ಸೀಮೆಯಲ್ಲಿ ಕಂದಾಯದ ಕೆಲಸಕ್ಕೆ ಮಾಲಿಪಾಟೀಲ, ಕಾವಲಿನ ಕೆಲಸಕ್ಕೆ ಪೊಲೀಸ್ ಪಾಟೀಲ ಎಂದು ಒಂದು ಗೌಡಿಕೆಯೇ ಎರಡಾಗಿ ಒಡೆಯಿತು. ತೆಲುಗು ಸೀಮೆಯಲ್ಲಿ ಮುಖಂಡನಿಗೆ ಇಂಗ್ಲಿಷರ ಕಾಲದಲ್ಲಿ ನೆಲೆಯಾದ ಹೆಸರು ‘ಗ್ರಾಮ ಮುನಸೀಫ’. ಇನಸಾಫು ಎಂಬ ಪದ ಹುಟ್ಟಿದ ಧಾತುವಿನಿಂದಲೇ ಮುನಸೀಫ ಎಂಬುದೂ ಹುಟ್ಟಿದೆ. ನ್ಯಾಯ ಹೇಳುವವನು ಎಂದರ್ಥ. 1816ರ ಮದರಾಸು ನಿಬಂಧನೆಗಳು ಊರ ಮುಖಂಡನಿಗೆ ಸಣ್ಣ ಮೊತ್ತದ ದಾವೆಗಳನ್ನೂ ಕ್ಷುಲ್ಲಕ ಅಪರಾಧಗಳನ್ನೂ ವಿಚಾರಿಸುವ ಅಧಿಕಾರ ಕೊಟ್ಟಿದ್ದುದರಿಂದ ಈ ಹೆಸರು ಬಂದಿತು. ಕಂದಾಯ ವಸೂಲು ಮಾಡುವವನು, ಕಳ್ಳತನ ಕೊಲೆಗಳ ವರದಿ ಕಳುಹಿಸುವವನು, ಹುಟ್ಟು ಸಾವುಗಳನ್ನು ದಾಖಲಿಸುವವನು ಕೂಡ ಅವನೇ. ಸರ್ಕಾರವೆಂಬುದು ಹಳ್ಳಿಯವನ ಕಣ್ಣಿಗೆ ಕಾಣುತ್ತಿದ್ದುದು ಈ ಒಬ್ಬನ ರೂಪದಲ್ಲಿಯೇ.

ಇಷ್ಟು ಕೆಲಸ ಮಾಡುವವನಿಗೆ ಪ್ರತಿಫಲವೇನು? ಹಿಂದಿನ ಕಾಲದಲ್ಲಿ ಮಾನ್ಯದ ಹೊಲ, ಉಂಬಳಿ ಮತ್ತು ಸುಗ್ಗಿಯಲ್ಲಿ ಕಣದಿಂದ ಸಲ್ಲುವ ಆಯ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಸರ್ಕಾರವು ಈ ಇನಾಮು ಭೂಮಿಗಳನ್ನು ಸೇವೆಯ ಬಂಧನದಿಂದ ಬಿಡಿಸುತ್ತ, ಹಣದ ರೂಪದಲ್ಲಿ ಸಂಬಳ ಕೊಡುವ ಪದ್ಧತಿಯನ್ನು ತಂದಿತು. ಈ ಬದಲಾವಣೆ ಆಗ ಸಣ್ಣದಾಗಿ ತೋರಿರಬಹುದು. ಆದರೆ ಮುಂದೆ ಹೇಳುವ ವ್ಯಾಜ್ಯದ ನಿರ್ಣಯದಲ್ಲಿ ಇದಕ್ಕೆ ದೊಡ್ಡ ಪಾತ್ರವಿದೆ. ಹೊಲವನ್ನು ಅನುಭವಿಸುವವನು ತಾನು ಹೊಲದ ಒಡೆಯನೆಂದು ಹೇಳಬಹುದು. ಸಂಬಳ ಪಡೆಯುವವನು ಸಂಬಳ ಕೊಡುವವನ ಸೇವಕನಲ್ಲವೆಂದು ಹೇಳುವುದು ಹೇಗೆ?

ಮುಂಬಯಿ ಕರ್ನಾಟಕದಲ್ಲಿ ಈ ವ್ಯವಸ್ಥೆಗೆ ‘ವತನ’ವೆಂಬ ಹೆಸರು. ಅದು ಸ್ವಸ್ಥಳ, ಹುಟ್ಟಿದ ನೆಲ ಎಂಬರ್ಥದ ಅರಬ್ಬೀ ಪದ. ಊರಿನ ಅಧಿಕಾರವನ್ನು ಹುಟ್ಟಿದ ನೆಲದಂತೆಯೇ ಭಾವಿಸಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 1874ರ ಮುಂಬಯಿ ಆನುವಂಶಿಕ ಹುದ್ದೆಗಳ ಕಾಯ್ದೆಯು ವತನದಾರರ ಪೈಕಿ ಪ್ರತಿನಿಧಿ ವತನದಾರರನ್ನು ಗೊತ್ತುಮಾಡಿ, ಅವರು ಪಾಳಿಯ ಪ್ರಕಾರ ಕೆಲಸ ಮಾಡುವಂತೆಯೂ, ತಾವು ಮಾಡಲಾರದವರು ಬದಲಿಯವನನ್ನು ನಿಲ್ಲಿಸುವಂತೆಯೂ ಅವಕಾಶ ಕಲ್ಪಿಸಿತು. 1886ರ ತಿದ್ದುಪಡಿಯಿಂದ ಕೊನೆಯ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳ ಹಕ್ಕು ಮನೆತನದ ಎಲ್ಲ ಗಂಡಸರ ಹಕ್ಕಿಗೂ ಹಿಂದೆ ಬಿದ್ದಿತು. ಅಧಿಕಾರ ಒಬ್ಬನದು, ಕೆಲಸ ಮಾಡುವವನು ಮತ್ತೊಬ್ಬನು, ಉತ್ಪನ್ನದಲ್ಲಿ ಪಾಲು ಹಲವರಿಗೆ — ವತನದ ಸ್ವರೂಪ ಹೀಗಿದ್ದಿತು. ಶರಣರು ಹೇಳಿದ ಕಾಯಕಕ್ಕೂ ಇದಕ್ಕೂ ಇರುವ ದೂರವನ್ನು ಇಲ್ಲಿ ಗಮನಿಸಬೇಕು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳಲ್ಲಿ ಇರುವ ಕೆಲಸ ಆ ಶರಣನು ತನ್ನ ಕೈಯಾರೆ ಮಾಡಿದ್ದು. ವತನದಾರನ ಹೆಸರಿನಲ್ಲಿರುವುದು ಅವನ ಮನೆ ಹಿಡಿದಿಟ್ಟುಕೊಂಡಿದ್ದು.

ಇನ್ನು ಮದರಾಸು ಪ್ರಾಂತದ ಕಾನೂನು. 1831ರ ಆರನೆಯ ನಿಬಂಧನೆಯು ಆನುವಂಶಿಕ ಗ್ರಾಮಾಧಿಕಾರದ ಹಕ್ಕಿನ ತಗಾದೆಗಳನ್ನು ಸಿವಿಲ್ ನ್ಯಾಯಾಲಯಗಳಿಂದ ತೆಗೆದು ಕಂದಾಯದ ಅಧಿಕಾರಿಗಳ ಕೈಗೆ ಕೊಟ್ಟಿತು. ಅದರ ಸ್ಥಾನದಲ್ಲಿ 1895ರ ಮೂರನೆಯ ಕಾಯ್ದೆ, ಎಂದರೆ ಮದರಾಸು ಆನುವಂಶಿಕ ಗ್ರಾಮಾಧಿಕಾರಗಳ ಕಾಯ್ದೆ ಬಂದಿತು. ಗ್ರಾಮ ಮುನಸೀಫ ಮತ್ತು ಕರಣಮರಿಂದ ಮೊದಲುಗೊಂಡು ತಳವಾರ, ತೋಟಿ, ನೀರಗಂಟಿಗಳವರೆಗೆ ಊರ ಚಾಕರಿಯ ಹುದ್ದೆಗಳಿಗೆ ಉತ್ತರಾಧಿಕಾರದ ಕ್ರಮವನ್ನು ಇದು ವಿಧಿಸಿತು. ಬಳ್ಳಾರಿ ಸೀಮೆಯು 1953ನೆಯ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸು ಪ್ರಾಂತದಲ್ಲಿಯೇ ಇದ್ದುದರಿಂದ ಆ ಭಾಗದ ಕನ್ನಡಿಗರಿಗೂ ಇದೇ ಕಾಯ್ದೆಯ ಪರಿಚಯವಿದ್ದಿತು. ಹಳೆಯ ಮೈಸೂರಿನಲ್ಲಿ 1908ರ ಗ್ರಾಮಾಧಿಕಾರಗಳ ಕಾಯ್ದೆ ನಡೆಯುತ್ತಿದ್ದಿತು. ಹೆಸರು ಬೇರೆ, ವಿವರ ಬೇರೆ, ತಿರುಳು ಒಂದೇ.

1895ರ ಕಾಯ್ದೆಯ ಆರನೆಯ ಕಲಮಿನ ಮೊದಲನೆಯ ಉಪಕಲಮು ಈ ವ್ಯಾಜ್ಯಕ್ಕೆ ಬೀಜ. ಊರುಗಳನ್ನು ಒಂದುಗೂಡಿಸಿದಾಗ ಅಥವಾ ಒಂದು ಊರನ್ನು ಒಡೆದು ಎರಡು ಮಾಡಿದಾಗ ಹಳೆಯ ಹುದ್ದೆಗಳು ಅಳಿದು ಹೊಸ ಹುದ್ದೆಗಳು ಹುಟ್ಟುತ್ತವೆ. ಆ ಹೊಸ ಹುದ್ದೆಗೆ ಜಿಲ್ಲೆಯ ಕಲೆಕ್ಟರು ತಮಗೆ ಅತ್ಯಂತ ಯೋಗ್ಯನೆಂದು ತೋರಿದವನನ್ನು ಆರಿಸಬೇಕು. ಆದರೆ ಅಳಿದ ಹುದ್ದೆಯನ್ನು ಕೊನೆಯಲ್ಲಿ ಹಿಡಿದಿದ್ದವರ ಮನೆತನಗಳೊಳಗಿಂದ ಆರಿಸಬೇಕು. ಇದು ಆ ಉಪಕಲಮಿನ ಸಾರ. ಹುದ್ದೆ ಹೊಸದು, ಊರು ಹೊಸದು; ಹಳೆಯದಾಗಿ ಉಳಿಯತಕ್ಕದ್ದು ಮನೆತನವೊಂದೇ.

ಗುಂಟೂರು ಜಿಲ್ಲೆಯ ಪೇರವಲಿ ಎಂಬ ಊರನ್ನು ಸ್ವಾತಂತ್ರ್ಯಾನಂತರ ಹೀಗೆಯೇ ವಿಭಾಗಿಸಿ ಪೇರವಲಿಪಾಳೆಂ ಎಂಬ ಬೇರೆ ಗ್ರಾಮವನ್ನು ಮಾಡಿದರು. ಅದಕ್ಕೊಬ್ಬ ಗ್ರಾಮ ಮುನಸೀಫ ಬೇಕಾಯಿತು. ಅರ್ಜಿ ಹಾಕಿದವರು ಹಲವರು. ಕಂದಾಯ ವಿಭಾಗದ ಅಧಿಕಾರಿಯು ಅವರಲ್ಲಿ ಒಬ್ಬನನ್ನು ನೇಮಿಸಿದನು. ಉಳಿದವರು ಕಲೆಕ್ಟರಲ್ಲಿ ಅಪೀಲು ಹೋದರು. ಹಳೆಯ ಪೇರವಲಿಯ ಮುನಸೀಫನ ಮನೆತನಕ್ಕೆ ಸೇರಿದವನೊಬ್ಬನು ಆ ಅಪೀಲುದಾರರಲ್ಲಿ ಇದ್ದನು. ಕಲೆಕ್ಟರು ಮೊದಲಿನ ನೇಮಕಾತಿಯನ್ನು ತಳ್ಳಿ, ಆ ಮನೆತನದವನಿಗೆ ಹುದ್ದೆಯನ್ನು ಕೊಟ್ಟರು. ಕೈಗೆ ಬಂದುದನ್ನು ಕಳೆದುಕೊಂಡವನು ಕಂದಾಯ ಮಂಡಲಿಗೆ ಹೋದನು; ಸರ್ಕಾರಕ್ಕೆ ಮೊರೆಯಿಟ್ಟನು; ಎಲ್ಲಿಯೂ ಫಲ ಸಿಕ್ಕಲಿಲ್ಲ. ಅವರಾರೂ ಅನ್ಯಾಯ ಮಾಡಿದರೆಂದು ಹೇಳುವಂತಿಲ್ಲ, ಅವರ ಮುಂದಿದ್ದ ಕಾಯ್ದೆಯ ಅಕ್ಷರ ಹಾಗೆಯೇ ಇದ್ದಿತು. ಕಡೆಗೆ ಅವನು ಸಂವಿಧಾನದ 32ನೆಯ ಅನುಚ್ಛೇದವನ್ನು ಆಶ್ರಯಿಸಿ, ತನ್ನ ಮೂಲಭೂತ ಹಕ್ಕಿಗೆ ಭಂಗ ಬಂದಿದೆಯೆಂದು ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದನು. ಕಾನೂನಿನ ಗ್ರಂಥಗಳಲ್ಲಿ ಈ ಮೊಕದ್ದಮೆಯು ‘ಗಾಜುಲ ದಶರಥರಾಮ ರಾವ್ ವಿರುದ್ಧ ಆಂಧ್ರಪ್ರದೇಶ ರಾಜ್ಯ’ ಎಂದು ಪ್ರಸಿದ್ಧವಾಗಿದೆ.

ಅವನ ವಾದ ಬಹಳ ಸರಳ. ಯೋಗ್ಯತೆಯಲ್ಲಿ ತಾನು ಸೋತಿದ್ದರೆ ಅದು ಬೇರೆಯ ಮಾತು. ತನ್ನನ್ನು ತೂಗಿ ನೋಡುವ ಮೊದಲೇ ತಕ್ಕಡಿಯಿಂದ ಕೆಳಗಿಳಿಸಿದರು. ಕಾರಣ ತಾನು ಇಂಥವನ ಹೊಟ್ಟೆಯಲ್ಲಿ ಹುಟ್ಟಲಿಲ್ಲವೆಂಬುದು.

ಸಂವಿಧಾನದ 14ನೆಯ ಅನುಚ್ಛೇದ ಕಾನೂನಿನ ಮುಂದೆ ಸರ್ವರ ಸಮತೆಯನ್ನು ಹೇಳುತ್ತದೆ. 15ನೆಯದು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಎಂಬ ಕಾರಣಗಳಿಂದ ಮಾತ್ರವೇ ಯಾವ ಪ್ರಜೆಗೂ ಭೇದ ತೋರಕೂಡದೆಂದು ವಿಧಿಸುತ್ತದೆ. 16ನೆಯದು ಸರ್ಕಾರಿ ನೌಕರಿಗೆ ಸಂಬಂಧಿಸಿದುದು. ಅದರ ಎರಡನೆಯ ಖಂಡದಲ್ಲಿ ಇದೇ ಪಟ್ಟಿ ಮತ್ತೆ ಬರುತ್ತದೆ, ಆದರೆ ಎರಡು ಪದಗಳು ಹೆಚ್ಚಾಗಿವೆ. ಒಂದು ‘ನಿವಾಸ’, ಮತ್ತೊಂದು ‘ವಂಶ’. ಇಂಗ್ಲಿಷಿನ ‘ಡಿಸೆಂಟ್’ ಎಂಬ ಪದಕ್ಕೆ ವಂಶ, ವಂಶಾನುಕ್ರಮ, ಹುಟ್ಟು ಎಂದು ಬೇರೆ ಬೇರೆಯಾಗಿ ಅನುವಾದ ಮಾಡಬಹುದು. ಸಂಸ್ಕೃತದಲ್ಲಿ ವಂಶವೆಂದರೆ ಬಿದಿರು. ಗಂಟಿನ ಮೇಲೆ ಗಂಟಾಗಿ ಬೆಳೆಯುವ ಬಿದಿರಿನಂತೆ ತಂದೆಯಿಂದ ಮಗ, ಮಗನಿಂದ ಮೊಮ್ಮಗ ಎಂದು ಮೇಲೇರುವ ಸಾಲು. ಜಾತಿಯೂ ವಂಶವೂ ಒಂದೇ ಅಲ್ಲ. ಒಂದೇ ಜಾತಿಯ ನೂರು ಮನೆಗಳಿರುವ ಊರಿನಲ್ಲಿ ಗೌಡರ ಮನೆ ಒಂದೇ. ಉಳಿದ ತೊಂಬತ್ತೊಂಬತ್ತು ಮನೆಯವರು ಜಾತಿಯಲ್ಲಿ ಸಮಾನರು, ವಂಶದಲ್ಲಿ ಹೊರಗಿನವರು. ಪೇರವಲಿಪಾಳೆಂನ ಅರ್ಜಿದಾರನಿಗೆ ಜಾತಿಯೆಂಬ ಪದದಿಂದ ಪ್ರಯೋಜನವಾಗುತ್ತಿರಲಿಲ್ಲ. 15ನೆಯ ಅನುಚ್ಛೇದದ ಪಟ್ಟಿಯೇ 16ರಲ್ಲಿಯೂ ಇದ್ದಿದ್ದರೆ ಅವನು ಸಮತೆಯ ಸಾಮಾನ್ಯ ತತ್ತ್ವವನ್ನೊಂದೇ ಹಿಡಿದು ವಾದಿಸಬೇಕಾಗುತ್ತಿದ್ದಿತು. ಶಾಸ್ತ್ರವಾಕ್ಯದಲ್ಲಿ ಯಾವ ಪದವೂ ವ್ಯರ್ಥವಾಗಿ ಬಂದಿರುವುದಿಲ್ಲವೆಂಬುದು ಮೀಮಾಂಸಕರ ನಿಲುವು. ಈ ಪ್ರಕರಣವು ಆ ನಿಲುವಿಗೆ ಒಳ್ಳೆಯ ಉದಾಹರಣೆ.

ಈ ಪದಕ್ಕೂ ಒಂದು ವಂಶಾವಳಿಯಿದೆ. ಈಸ್ಟ್ ಇಂಡಿಯಾ ಕಂಪನಿಗೆ ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಕೊಟ್ಟ ಸನ್ನದಿನ 87ನೆಯ ಕಲಮಿನಲ್ಲಿ, ಧರ್ಮ, ಜನ್ಮಸ್ಥಳ, ವಂಶ, ಬಣ್ಣ ಎಂಬ ಕಾರಣ ಮಾತ್ರದಿಂದ ಭಾರತೀಯನೊಬ್ಬನು ಕಂಪನಿಯ ಯಾವ ಹುದ್ದೆಗೂ ಅನರ್ಹನಾಗಕೂಡದೆಂದು ಹೇಳಿತ್ತು. ಬಿಳಿಯರ ಕಚೇರಿಯಲ್ಲಿ ಕರಿಯನಿಗೂ ಜಾಗವುಂಟೆಂದು ಹೇಳುವುದು ಅಂದಿನ ಉದ್ದೇಶ. ಆ ಮಾತು ಬಹುಕಾಲ ಕಾಗದದಲ್ಲಿಯೇ ಉಳಿಯಿತೆಂಬುದು ಇತಿಹಾಸವನ್ನು ಓದಿದವರಿಗೆಲ್ಲ ಗೊತ್ತು. ಅದೇ ನಾಲ್ಕು ಕಾರಣಗಳು 1935ರ ಭಾರತ ಸರ್ಕಾರ ಕಾಯ್ದೆಯ 298ನೆಯ ಕಲಮಿನಲ್ಲಿ ಮರಳಿ ಬಂದವು. 1950ರ ಸಂವಿಧಾನದಲ್ಲಿ ‘ಬಣ್ಣ’ ಬಿದ್ದುಹೋಗಿ ‘ವಂಶ’ ಉಳಿಯಿತು. ಇಂಗ್ಲಿಷರ ಕಚೇರಿಯ ಬಾಗಿಲನ್ನು ಭಾರತೀಯನಿಗೆ ತೆರೆಯಬೇಕೆಂದು ಹುಟ್ಟಿದ ಪದವು ನೂರಿಪ್ಪತ್ತೇಳು ವರ್ಷಗಳ ತರುವಾಯ ಭಾರತೀಯರದೇ ಆದ ಚಾವಡಿಯ ಬಾಗಿಲನ್ನು ಮತ್ತೊಬ್ಬ ಭಾರತೀಯನಿಗೆ ತೆರೆಯಬೇಕಾಗಿ ಬಂದಿತು.

ಸರ್ಕಾರದ ಪಕ್ಷದಿಂದ ಬಂದ ಮುಖ್ಯ ವಾದವು ಅಷ್ಟು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಗ್ರಾಮ ಮುಖಂಡನ ಅಧಿಕಾರ ಯಾವ ಸರ್ಕಾರವೂ ಸೃಷ್ಟಿಸಿದುದಲ್ಲ; ಅನಾದಿಯಿಂದ ರೂಢಿಯಲ್ಲಿ ಬಂದುದು; ಅದು ಮನೆತನದ ಸ್ವತ್ತಿನಂತಹದು; ಆದ್ದರಿಂದ ಅದು ಸರ್ಕಾರದ ಅಧೀನದ ಹುದ್ದೆಯೇ ಅಲ್ಲ, 16ನೆಯ ಅನುಚ್ಛೇದ ಇದಕ್ಕೆ ತಗಲುವುದಿಲ್ಲ ಎಂಬುದು ಆ ವಾದ. ಅರಸರು ಬಂದರು, ಹೋದರು. ಗೌಡ ಉಳಿದನು ಎಂಬ ಹಳ್ಳಿಗರ ಭಾವನೆಗೂ ಈ ವಾದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಇದರಲ್ಲಿ ಸತ್ಯಾಂಶವೂ ಇಲ್ಲದಿಲ್ಲ.

ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಪರವಾಗಿ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಎಸ್. ಕೆ. ದಾಸ್ ಅವರು. ಹುದ್ದೆಯ ಹುಟ್ಟು ಯಾವ ಕಾಲದ್ದು ಎಂದು ಕೇಳುವುದಕ್ಕಿಂತ ಅದು ಈಗ ನಡೆಯುತ್ತಿರುವ ಬಗೆ ಯಾವುದು ಎಂದು ಅವರು ನೋಡಿದರು. ನೇಮಿಸುವವರು ಕಂದಾಯದ ಅಧಿಕಾರಿಗಳು. ಸಂಬಳ ಕೊಡುವುದು ಸರ್ಕಾರ. ಮಾಡುವ ಕೆಲಸ ಸರ್ಕಾರದ್ದು. ತಪ್ಪು ಮಾಡಿದರೆ ದಂಡಿಸುವ, ತೆಗೆದುಹಾಕುವ ಅಧಿಕಾರವೂ ಸರ್ಕಾರಕ್ಕೆ ಇದೆ. ಇಷ್ಟು ಲಕ್ಷಣಗಳಿರುವ ಹುದ್ದೆಯನ್ನು ಸರ್ಕಾರದ ಅಧೀನದ ಹುದ್ದೆಯಲ್ಲವೆಂದರೆ ಮತ್ತಾವುದನ್ನು ಆ ಹೆಸರಿನಿಂದ ಕರೆಯುವುದು? ಆನುವಂಶಿಕವಾಗಿ ಬಂದಿತೆಂಬ ಮಾತ್ರಕ್ಕೆ ಅದು ಖಾಸಗಿಯದಾಗುವುದಿಲ್ಲ. ರೂಢಿಯನ್ನು ಆಶ್ರಯಿಸಿದರೂ ಫಲವಿಲ್ಲ. ಏಕೆಂದರೆ ಸಂವಿಧಾನದ 13ನೆಯ ಅನುಚ್ಛೇದವು ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಹಿಂದಿನ ಕಾಯ್ದೆಗಳನ್ನು ಅಷ್ಟರಮಟ್ಟಿಗೆ ಶೂನ್ಯವೆನ್ನುವಾಗ ಕಾನೂನಿನ ಬಲವುಳ್ಳ ರೂಢಿ ಸಂಪ್ರದಾಯಗಳನ್ನೂ ಕಾನೂನೆಂದೇ ಎಣಿಸುತ್ತದೆ.

ಇಲ್ಲಿ ಇನ್ನೊಂದು ಶಂಕೆ ಏಳುತ್ತದೆ. ಸಂವಿಧಾನದ ಮಾತು ‘ವಂಶದ ಕಾರಣದಿಂದ ಮಾತ್ರವೇ’ ಎಂದಿದೆ. ಕಾಯ್ದೆಯಾದರೋ ಮನೆತನದವರಲ್ಲಿ ‘ಅತ್ಯಂತ ಯೋಗ್ಯನನ್ನು’ ಆರಿಸಬೇಕೆನ್ನುತ್ತದೆ. ಹಾಗಿದ್ದ ಮೇಲೆ ವಂಶದ ಜೊತೆಗೆ ಯೋಗ್ಯತೆಯನ್ನೂ ನೋಡಿದಂತಾಯಿತಲ್ಲ, ‘ಮಾತ್ರವೇ’ ಎಂಬುದು ಹೇಗೆ ಹೊಂದೀತು? ನಮ್ಮ ಶಾಸ್ತ್ರಕಾರರು ಏವಕಾರದ ಅರ್ಥವನ್ನು ವಿವರಿಸುವಾಗ ಅದು ಯಾವ ಪದದ ಮುಂದೆ ನಿಂತಿದೆಯೆಂಬುದನ್ನು ಮೊದಲು ನೋಡಬೇಕೆನ್ನುತ್ತಾರೆ. ‘ಪಾರ್ಥನೇ ಬಿಲ್ಲಾಳು’ ಎಂದರೆ ಉಳಿದವರು ಹೊರಗೆ. ‘ಪಾರ್ಥನು ಬಿಲ್ಲಾಳೇ’ ಎಂದರೆ ಅವನು ಬಿಲ್ಲಾಳಾಗಿರುವುದರಲ್ಲಿ ಸಂದೇಹವಿಲ್ಲವೆಂದಷ್ಟೇ ಅರ್ಥ. ಪ್ರಶ್ನೆ ಒಳಗಿನವರಲ್ಲಿ ಒಬ್ಬನನ್ನು ಯಾವ ಕಾರಣದಿಂದ ಆರಿಸಿದರೆಂಬುದಲ್ಲ. ಹೊರಗಿನವನನ್ನು ಯಾವ ಕಾರಣದಿಂದ ಹೊರಗಿಟ್ಟರೆಂಬುದು. ಹೊರಗಿನವನ ಯೋಗ್ಯತೆಯನ್ನು ಯಾರೂ ನೋಡಲೇ ಇಲ್ಲ. ಅವನನ್ನು ಹೊರಗಿಟ್ಟ ಕಾರಣ ವಂಶ, ವಂಶ ಮಾತ್ರವೇ. ನ್ಯಾಯಾಲಯವೂ ಉಪಕಲಮಿನ ಭೇದವು ವಂಶವೊಂದನ್ನೇ ಆಧರಿಸಿದೆಯೆಂದು ಕಂಡು, ಅದು ಸಂವಿಧಾನಕ್ಕೆ ವಿರುದ್ಧವಾದುದರಿಂದ ಅಸಿಂಧುವೆಂದು ಸಾರಿತು. ಅರ್ಜಿ ಅಂಗೀಕೃತವಾಯಿತು, ಆ ಉಪಕಲಮನ್ನು ನೆಚ್ಚಿ ಮಾಡಿದ ನೇಮಕಾತಿ ನಿಲ್ಲಲಿಲ್ಲ.

ಗೌಡರ ಮನೆಯ ಗೌರವಕ್ಕೆ ಇದರಿಂದ ಕುಂದು ಬಂದಿತೆಂದು ನೊಂದವರು ಅಂದು ಇದ್ದಿರಬಹುದು. ತಲೆಮಾರುಗಳಿಂದ ಊರಿನ ಕಷ್ಟಸುಖಗಳನ್ನು ಹೊತ್ತು, ಬರಗಾಲದಲ್ಲಿ ತಮ್ಮ ಹಗೇವನ್ನು ತೆರೆದು, ರೈತರ ಪರವಾಗಿ ಅಮಲ್ದಾರರ ಮುಂದೆ ಕೈಮುಗಿದು ನಿಂತ ಗೌಡರ ಮನೆತನಗಳು ಇದ್ದವು. ಅವನ್ನು ಮರೆಯುವುದು ಕೃತಘ್ನತೆ. ಆದರೆ ಆನುವಂಶಿಕ ಪದ್ಧತಿಯನ್ನು ತೂಗುವಾಗ ಚಾವಡಿಯ ಮೇಲೆ ಕುಳಿತವನನ್ನಷ್ಟೇ ನೋಡಿದರೆ ಸಾಲದು. ಚಾವಡಿಯ ಕೆಳಗೆ ನಿಂತವನನ್ನೂ ನೋಡಬೇಕು. ಆ ಕಾಯ್ದೆಗಳಲ್ಲಿಯೇ ತಳವಾರ, ತೋಟಿಗಳ ಹೆಸರುಗಳೂ ಇದ್ದವು. ಗೌಡನ ಮಗನಿಗೆ ಗೌಡಿಕೆ ಹೇಗೆ ಹುಟ್ಟಿನಿಂದ ಬರುತ್ತಿದ್ದಿತೋ ಹಾಗೆಯೇ ತೋಟಿಯ ಮಗನಿಗೆ ತೋಟಿಕೆ ಬರುತ್ತಿದ್ದಿತು: ಟಪ್ಪಾಲು ಹೊತ್ತು ಓಡುವುದು, ಅಧಿಕಾರಿಗಳ ಕುದುರೆಗೆ ಹುಲ್ಲು ತರುವುದು, ಸತ್ತ ದನವನ್ನು ಸಾಗಿಸುವುದು, ರಾತ್ರಿಯೆಲ್ಲ ಊರು ಸುತ್ತುವುದು. ಒಬ್ಬನಿಗೆ ವಂಶವು ಹಕ್ಕು, ಮತ್ತೊಬ್ಬನಿಗೆ ಅದೇ ವಂಶವು ಬಿಡಿಸಿಕೊಳ್ಳಲಾಗದ ಕಟ್ಟು. ಮುಂಬಯಿ ಪ್ರಾಂತದ ಮಹಾರ ವತನದ ಈ ದುಃಸ್ಥಿತಿಯನ್ನು ಕಂಡೇ ಡಾ. ಬಿ. ಆರ್. ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ 1874ರ ವತನದ ಕಾಯ್ದೆಯ ತಿದ್ದುಪಡಿಗಾಗಿ ಮಸೂದೆಯೊಂದನ್ನು ಮಂಡಿಸಿದ್ದರು. ಅಲ್ಪ ಇನಾಮು ಭೂಮಿಯ ಆಸೆ ತೋರಿಸಿ ಹಗಲಿರುಳು ಬಿಟ್ಟಿ ದುಡಿಸಿಕೊಳ್ಳುವುದನ್ನು ಅವರು ಖಂಡಿಸಿದರು. ಮುಂದೆ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದವರೂ ಅವರೇ ಎಂಬುದನ್ನು ನೆನೆದರೆ ‘ವಂಶ’ವೆಂಬ ಪದಕ್ಕೆ ಬೇರೆಯೇ ಒಂದು ಭಾರ ಬರುತ್ತದೆ.

ಪೇರವಲಿಪಾಳೆಂ ತೀರ್ಪು ಹೊಸ ಗ್ರಾಮಗಳ ಹೊಸ ಹುದ್ದೆಗಳಿಗೆ ಸಂಬಂಧಿಸಿದ ಒಂದು ಉಪಕಲಮನ್ನು ಕುರಿತದ್ದೇ ಆದರೂ, ವಂಶಪಾರಂಪರ್ಯದ ನೇಮಕಾತಿಯೆಲ್ಲದರ ಬುಡವೂ ಅದರಿಂದ ಸಡಿಲವಾಯಿತು. ವಿಶಾಲ ಮೈಸೂರು ರಾಜ್ಯದಲ್ಲಿ 1961ರಲ್ಲಿಯೇ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಅಂಗೀಕಾರವಾಯಿತು. 1963ನೆಯ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಮುಂಬಯಿ, ಮದರಾಸು, ಹೈದರಾಬಾದು, ಹಳೆಯ ಮೈಸೂರು ಎಂದು ಬೇರೆ ಬೇರೆ ಕಾನೂನುಗಳ ಕೆಳಗಿದ್ದ ಪಟೇಲ, ಪಾಟೀಲ, ಶಾನಭೋಗ, ಕುಲಕರ್ಣಿ, ತಳವಾರ, ತೋಟಿ, ನೀರಗಂಟಿ ಮೊದಲಾದ ಆನುವಂಶಿಕ ಹುದ್ದೆಗಳೆಲ್ಲ ಏಕಕಾಲಕ್ಕೆ ಅಳಿದವು. ಇದನ್ನು ಪ್ರಶ್ನಿಸಿ ಹೋದವರಿಗೆ 1966ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಜಯ ದೊರೆಯಲಿಲ್ಲ. ಕಾಯ್ದೆ ಸಿಂಧುವೆಂದೇ ನಿರ್ಣಯವಾಯಿತು. ಶಾನಭೋಗರ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಲೆಕ್ಕದ ದಫ್ತರಗಳು ಸರ್ಕಾರ ನೇಮಿಸಿದ ಗ್ರಾಮ ಲೆಕ್ಕಿಗನ ವಶಕ್ಕೆ ಹೋದವು. ಈ ಹುದ್ದೆಗೆ ಇತ್ತೀಚೆಗೆ ಗ್ರಾಮ ಆಡಳಿತ ಅಧಿಕಾರಿಯೆಂದು ಹೆಸರಾಗಿದೆ. ಅರ್ಜಿ ಹಾಕಿ ಸ್ಪರ್ಧೆಯಲ್ಲಿ ಗೆದ್ದವರು ಬರುವ ಹುದ್ದೆ ಅದು; ಹೆಣ್ಣುಮಕ್ಕಳೂ ಬರುತ್ತಾರೆ. ತಮಿಳುನಾಡಿನಲ್ಲಿ 1980ರಲ್ಲಿಯೂ ಆಂಧ್ರಪ್ರದೇಶದಲ್ಲಿ 1984ರಲ್ಲಿಯೂ ಸುಗ್ರೀವಾಜ್ಞೆಗಳ ಮೂಲಕ ಉಳಿದಿದ್ದ ಗ್ರಾಮಾಧಿಕಾರಿಗಳ ಹುದ್ದೆಗಳನ್ನು ತೆಗೆದುಹಾಕಿದರು. ಅವೆರಡೂ ಸರ್ವೋಚ್ಚ ನ್ಯಾಯಾಲಯದ ಪರೀಕ್ಷೆಯಲ್ಲಿ ಉಳಿದುಕೊಂಡವು. ಪೇರವಲಿಪಾಳೆಂನ ಮುನಸೀಫಿಕೆಗಾಗಿ ಹೋರಾಡಿದ ಉಭಯ ಪಕ್ಷದವರಿಗೂ ಸಲ್ಲದಂತೆ ಆ ಹುದ್ದೆಯೇ ಹೀಗೆ ಕಾಲಾಂತರದಲ್ಲಿ ಇಲ್ಲವಾಯಿತು.

ವಂಶದ ಪ್ರಶ್ನೆ ಚಾವಡಿಯಿಂದ ಗುಡಿಗೂ ನಡೆಯಿತು. ಅರ್ಚಕರ ನೇಮಕಾತಿಯಲ್ಲಿ ಆನುವಂಶಿಕತೆಯನ್ನು ತೆಗೆದ ತಮಿಳುನಾಡಿನ ತಿದ್ದುಪಡಿಯನ್ನು 1972ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ವಿರಕ್ತ ಮಠಗಳಲ್ಲಿ ಪೀಠವು ರಕ್ತಸಂಬಂಧದಿಂದಲ್ಲದೆ ಗುರುವಿನಿಂದ ಶಿಷ್ಯನಿಗೆ ಬರುವ ಪದ್ಧತಿಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೆನಿಸದು.

ಹುದ್ದೆ ಹೋದರೂ ಹೊಲದ ಪ್ರಶ್ನೆ ಉಳಿಯಿತು. 1961ರ ಕಾಯ್ದೆಯ ಪ್ರಕಾರ ಸೇವಾ ಇನಾಮಿನ ಭೂಮಿ ಮೊದಲು ಸರ್ಕಾರಕ್ಕೆ ಸೇರಿ, ಗೊತ್ತುಮಾಡಿದ ಹಣ ಕಟ್ಟಿದ ಹುದ್ದೆದಾರನಿಗೆ ಮರುಮಂಜೂರಾಗಬೇಕು. ಬಡ ತಳವಾರ ತೋಟಿಗಳು ಮಂಜೂರಾದ ಹೊಲವನ್ನು ಅಗ್ಗಕ್ಕೆ ಮಾರಿ ಬರಿಗೈಯಾಗುವುದನ್ನು ತಡೆಯಬೇಕಾಗಿ, 1978ರ ತಿದ್ದುಪಡಿಯು ಹದಿನೈದು ವರ್ಷಗಳ ಕಾಲ ಪರಭಾರೆಯನ್ನು ನಿಷೇಧಿಸಿತು. ಆ ಅವಧಿಗೆ ಮೊದಲು ಮಾರಿದ ಹೊಲ ಯಾರದು, ಮರುಮಂಜೂರಿಗೆ ಮುಂಚೆ ಆದ ಕ್ರಯ ನಿಲ್ಲುವುದೇ, ಅವಿಭಕ್ತ ಕುಟುಂಬದ ಉಳಿದವರಿಗೆ ಪಾಲುಂಟೇ ಎಂಬ ತಗಾದೆಗಳು ತಹಶೀಲ್ದಾರರ ಕಚೇರಿಯಿಂದ ಉಚ್ಚ ನ್ಯಾಯಾಲಯದವರೆಗೆ ನಡೆದುಬಂದವು.

ಉಳಿದ ಮತ್ತೊಂದು ವಸ್ತು ಹೆಸರು. ಉತ್ತರ ಕರ್ನಾಟಕದ ಯಾವುದೇ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೂ ಪಾಟೀಲ, ಮಾಲಿಪಾಟೀಲ, ಪೊಲೀಸ್‌ಪಾಟೀಲ, ನಾಡಗೌಡ, ಕುಲಕರ್ಣಿ, ತಳವಾರ, ವಾಲೀಕಾರ ಎಂಬ ಅಡ್ಡಹೆಸರುಗಳು ಒಂದರ ಕೆಳಗೊಂದು ಕಾಣುತ್ತವೆ. ಒಂದು ಕಾಲದ ಇಡೀ ಊರ ಚಾವಡಿಯೇ ಒಂದು ಪುಟದಲ್ಲಿ ಕುಳಿತಂತೆ. ಗುರುಗಳು ಹೆಸರು ಕೂಗಿದಾಗ ಪಾಟೀಲನೂ ವಾಲೀಕಾರನೂ ಒಂದೇ ಬೆಂಚಿನಿಂದ ಎದ್ದುನಿಂತು ‘ಹಾಜರ್’ ಎನ್ನುತ್ತಾರೆ.